ಕೋಟೆಯ ಸಾಮಾನು ನಮ್ಮ ಟ್ರಂಕಿನಲ್ಲಿ

ನಮ್ಮ ಅಜ್ಜಿ ಗದ್ವಾಲಕ್ಕೆ ಹೊರಟರೆ ಊರ ಹೆಸರು ಹೇಳುತ್ತಿರಲಿಲ್ಲ. ‘ಸೌಂಸ್ಥಾನಕ್ಕ ಹೋಗಿ ಬರ್ತೀನಿ’ ಅನ್ನುತ್ತಿದ್ದಳು. ಆ ಹೊತ್ತಿಗೆ ಸಂಸ್ಥಾನ ಮುಗಿದು ಎಷ್ಟೋ ವರ್ಷವಾಗಿತ್ತು.

ನಮ್ಮದು ಕೆ.ಟಿ. ದೊಡ್ಡಿ. ಪೂರ್ತಿ ಹೆಸರು ಕಾಲೂರು ತಿಮ್ಮನದೊಡ್ಡಿ, ಬಸ್ಸಿನ ಬೋರ್ಡಿಗೆ ಅಷ್ಟು ಉದ್ದ ಹಿಡಿಯುವುದಿಲ್ಲ. ಈ ಕಡೆ ರಾಯಚೂರು, ಆ ಕಡೆ ಗದ್ವಾಲ, ನಡುವೆ ಹತ್ತಿಬೀಜದ ಹೊಲಗಳು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. 1956ರ ನವೆಂಬರ್ 1ರವರೆಗೆ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯಲ್ಲೇ ಇತ್ತು. ಆಮೇಲೆ ಮಹಬೂಬನಗರಕ್ಕೆ ಹೋಯಿತು, 2016ರಲ್ಲಿ ಜೋಗುಲಾಂಬ ಗದ್ವಾಲ ಎಂದು ತನ್ನದೇ ಜಿಲ್ಲೆಯಾಯಿತು. ರಾಯಚೂರಿನ ಹಳೆಯ ಮನೆಗಳಲ್ಲಿ ಗದ್ವಾಲ ಸೀರೆ ಸಿಗುವುದಕ್ಕೆ ಆಶ್ಚರ್ಯಪಡಬೇಕಿಲ್ಲ.

ಈಗಲೂ ಹೊಸಬರು ಬಂದರೆ ನಾನು ಮೊದಲು ಕರೆದುಕೊಂಡು ಹೋಗುವುದು ಕೋಟೆಗೆ. ಗದ್ವಾಲದ ದೊರೆ ಸೋಮನಾದ್ರಿ ಕಟ್ಟಿಸಿದ್ದೆಂದು ಜನ ಹೇಳುವ ಕೋಟೆ, ಮುನ್ನೂರು ವರ್ಷ ಹಳೆಯದು. ಬ್ರಿಟಿಷರ ಕಾಲದ ಗೆಜೆಟಿಯರ್ ಪ್ರಕಾರ ಸಂಸ್ಥಾನದ ವಿಸ್ತಾರ 864 ಚದರ ಮೈಲಿ, ಹಳ್ಳಿಗಳು 214, ನಿಜಾಮರಿಗೆ ಕಟ್ಟುತ್ತಿದ್ದ ಕಪ್ಪ ವರ್ಷಕ್ಕೆ 86,840 ರೂಪಾಯಿ. ಗದ್ವಾಲದ ರಾಜರದೇ ನಾಣ್ಯವಿತ್ತು, ಅದು ರಾಯಚೂರು ಸೀಮೆಯಲ್ಲೂ ನಡೆಯುತ್ತಿತ್ತು. ಪಂಡಿತರಿಗೆ ಆಸ್ಥಾನ ಎಷ್ಟು ಕೊಡುಗೈಯೆಂದರೆ ಊರಿಗೆ ‘ವಿದ್ವದ್ಗದ್ವಾಲ’ ಎಂಬ ಹೆಸರೇ ಬಂತು. ತಿರುಪತಿ ವೆಂಕಟ ಕವುಲು ಎಂಬ ಅವಧಾನಿ ಜೋಡಿಯೂ ಇಲ್ಲಿಗೆ ಬಂದು ಹೋದವರು.

ಬಂದವರು ಅರಮನೆಯ ಸಾಮಾನು ನೋಡಬೇಕೆನ್ನುತ್ತಾರೆ. ಬೆಳ್ಳಿ ತಟ್ಟೆ, ತೂಗುದೀಪ, ರಾಜರ ಚಿತ್ರ. ಆದರೆ ಕೋಟೆಯೊಳಗಿರುವುದು ಚೆನ್ನಕೇಶವನ ಗುಡಿ, ಮಹಾರಾಣಿ ಆದಿಲಕ್ಷ್ಮೀ ದೇವಮ್ಮನವರ ಹೆಸರಿನ ಸರ್ಕಾರಿ ಡಿಗ್ರಿ ಕಾಲೇಜು, ಸೈಕಲ್ ಸ್ಟ್ಯಾಂಡು. ಪರೀಕ್ಷೆಯ ದಿನ ಹೋದರೆ ಬಾಗಿಲಲ್ಲಿ ಹಾಲ್ ಟಿಕೆಟ್ ಕೇಳುತ್ತಾರೆ. ನನಗೆ ಇದರಲ್ಲಿ ಬೇಸರವಿಲ್ಲ. ಪಾಳು ಬೀಳುವುದಕ್ಕಿಂತ ಪಾಠ ನಡೆಯುವುದು ಒಳ್ಳೆಯದು.

ಹಾಗಾದರೆ ಸಾಮಾನು ಎಲ್ಲಿ ಹೋಯಿತು? ಬೇರೆ ಕಡೆ ಉಳಿದದ್ದುಂಟು. ಹೈದರಾಬಾದಿನ ಸಾಲಾರ್ ಜಂಗ್ ಮನೆತನದ ದಿವಾನ್ ದೇವಡಿಯ ಸಂಗ್ರಹ ಪುಣ್ಯವಂತ ಸಂಗ್ರಹ. ಯಜಮಾನ 1949ರಲ್ಲಿ ತೀರಿಕೊಂಡ ಮೇಲೆ 1951ರಲ್ಲಿ ಅದೇ ದೇವಡಿ ಮ್ಯೂಸಿಯಂ ಆಯಿತು. ಇಂಗ್ಲೆಂಡಿನಲ್ಲಿ ಇನ್ನೂ ಅಚ್ಚುಕಟ್ಟು. ಅಲ್ಲಿ ಹಾರ್ಡ್‌ವಿಕ್ ಹಾಲ್ ಎಂಬ ಹಳ್ಳಿಗಾಡಿನ ಬಂಗಲೆಯಿದೆ. ಅದನ್ನು ಕಟ್ಟಿಸಿದ ಬೆಸ್ ಎಂಬ ಗಟ್ಟಿಗಿತ್ತಿ 1601ರಲ್ಲಿ ಮನೆಯ ಸಾಮಾನನ್ನೆಲ್ಲ ಕೋಣೆ ಕೋಣೆಯಾಗಿ ಪಟ್ಟಿ ಬರೆಸಿದಳು. ಪರದೆ, ಹಾಸಿಗೆಯ ಹೊದಿಕೆ, ಕಸೂತಿಯ ದಿಂಬು, ಒಂದನ್ನೂ ಬಿಡಲಿಲ್ಲ. ಯಜಮಾನ ಸತ್ತಾಗ ಬಿದ್ದ ತೆರಿಗೆಗೆ ಬದಲಾಗಿ ಆ ಬಂಗಲೆ 1950ರ ದಶಕದಲ್ಲಿ ಸರ್ಕಾರದ ಪಾಲಾಗಿ, ಅಲ್ಲಿಂದ ನ್ಯಾಷನಲ್ ಟ್ರಸ್ಟಿಗೆ ಹೋಯಿತು. ಮಾಲೀಕರು ಬದಲಾದರೂ ಹೆಚ್ಚಿನ ಬಟ್ಟೆಗಳು ಮನೆ ಬಿಟ್ಟು ಹೋಗಲಿಲ್ಲ. ಇವತ್ತಿಗೂ ಆ ಪಟ್ಟಿ ಹಿಡಿದು ‘ಇದು ಇದೇ’ ಎಂದು ಎಷ್ಟೋ ಬಟ್ಟೆಗಳನ್ನು ಗುರುತಿಸುತ್ತಾರೆ.

ಗದ್ವಾಲದ ಕೋಟೆಯಲ್ಲಿ ಅಂಥದ್ದೇನೂ ಉಳಿಯಲಿಲ್ಲ. ಆದರೆ ಬಟ್ಟೆ ಉಳಿಯಿತು, ಕೋಟೆಯ ಹೊರಗೆ.

ಅಜ್ಜಿಯ ಗದ್ವಾಲ ಸೀರೆ ನನ್ನ ಹತ್ತಿರ ಇದೆ. ಒಡಲು ಹತ್ತಿ, ಕದಳಿ ಹೂವಿನ ಬಣ್ಣ. ದಡಿ ಮತ್ತು ಸೆರಗು ರೇಷ್ಮೆ, ಜರಿ. ಮೇಲುಗಡೆ ನೋಡಿದರೆ ಒಂದೇ ಬಟ್ಟೆ. ಮಗುಚಿ, ಒಡಲು ದಡಿಗೆ ಸೇರುವಲ್ಲಿ ಉಗುರು ಆಡಿಸಿ. ಸಣ್ಣ ಏಣು ಸಿಗುತ್ತದೆ. ಅಲ್ಲಿ ಹೊಲಿಗೆಯಿಲ್ಲ. ಒಡಲಿನ ಹೊಕ್ಕುನೂಲು ದಡಿಯ ಹೊಕ್ಕುನೂಲನ್ನು ಕೊಕ್ಕೆ ಹಾಕಿ ಹಿಡಿದು ಹಿಂದಕ್ಕೆ ತಿರುಗುತ್ತದೆ. ಎರಡು ದಡಿಗೆ ಎರಡು ಲಾಳಿ, ಒಡಲಿಗೆ ಒಂದು, ಹೀಗೆ ಮೂರು ಲಾಳಿಯ ಕೆಲಸ. ಪ್ರತಿ ಎಳೆಗೂ ಈ ಕೊಕ್ಕೆ ಬೀಳಲೇಬೇಕು, ಅದಕ್ಕೇ ಕುಣಿಮಗ್ಗದಲ್ಲಿ ಇಬ್ಬರು ಕೂರುತ್ತಾರೆ. ನಮ್ಮ ಇಳಕಲ್ಲಿನವರು ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕುತ್ತಾರಲ್ಲ, ಅದರ ಸೋದರ ವಿದ್ಯೆ ಇದು. ಅಲ್ಲಿ ಹಾಸಿಗೆ ಹಾಸು, ಇಲ್ಲಿ ಹೊಕ್ಕಿಗೆ ಹೊಕ್ಕು.

ದಡಿಯ ಅಂಚಿನಲ್ಲಿ ಸಾಲಾಗಿ ಗೋಪುರದ ಹಾಗೆ ಏಳುವ ಮೊನೆಗಳಿವೆ. ನೇಕಾರರು ಅದನ್ನು ಕೋಟಕೊಮ್ಮ ಅನ್ನುತ್ತಾರೆ, ಅಂದರೆ ಕೋಟೆಯ ತೆನೆ. ಅಜ್ಜಿ ಬೆರಳಿಟ್ಟು ತೋರಿಸುತ್ತಿದ್ದಳು: ‘ನೋಡಪಾ, ಅರಮನಿ ಇಲ್ಲೇ ಅದ. ಗ್ವಾಡಿ ನೋಡಾಕ ಅಲ್ಲೀತನ ಯಾಕ ಹೋಗ್ತಿ?’

ತಿರುಮಲದ ಬ್ರಹ್ಮೋತ್ಸವಕ್ಕೆ ವರ್ಷ ವರ್ಷ ಗದ್ವಾಲದಿಂದ ಹೋಗುವ ಏರುವಾಡ ಜೋಡಿ ಪಂಚೆಯಲ್ಲೂ ಇದೇ ತೆನೆ. ಏರು ಅಂದರೆ ಹೊಳೆ. ಕೃಷ್ಣೆ, ತುಂಗಭದ್ರೆಯ ನಡುವಿನ ಸೀಮೆಯ ಪಂಚೆ ಎಂದು ಆ ಹೆಸರು. ಹನ್ನೊಂದು ಗಜ ಉದ್ದ, ಎಂಟು ಕೋಟಕೊಮ್ಮ. ನೇಕಾರರು 41 ದಿನ ವ್ರತ ಹಿಡಿದು ನೇಯುತ್ತಾರೆ. ಸಂಸ್ಥಾನದ ಸೇವೆಯಾಗಿ ನಡೆದು ಬಂದದ್ದು ಸಂಸ್ಥಾನ ಹೋದ ಮೇಲೂ ನಿಂತಿಲ್ಲ. ರಾಜರ ಸಂಗ್ರಹದಲ್ಲಿ ಈಗಲೂ ವರ್ಷಕ್ಕೊಮ್ಮೆ ಹೊಸದಾಗಿ ಹುಟ್ಟುವ ವಸ್ತು ಇದೊಂದೇ ಇರಬೇಕು.

ಅಜ್ಜಿಯ ಹತ್ತಿರ ಎರಡು ಸೀರೆ ಇದ್ದವು. ಇನ್ನೊಂದು ಕಪ್ಪು ಒಡಲು, ಕೆಂಪು ದಡಿ. ಒಡಲು ಸವೆದು ಬಲೆಯಾಗಿತ್ತು, ದಡಿ ಮಾತ್ರ ಹೊಸದರಂತೆ. ಬೀದಿಯಲ್ಲಿ ‘ಹಳೇ ಜರಿ’ ಎಂದು ಕೂಗುತ್ತಾ ಬಂದವನಿಗೆ ನಮ್ಮ ಚಿಕ್ಕಮ್ಮ ಅದನ್ನು ಕೊಟ್ಟಳು. ಅವನು ಅಂಗಳದಲ್ಲೇ ದಡಿ ಕತ್ತರಿಸಿ ತೂಗಿದ. ಬೆಳ್ಳಿಗಾಗಿ ಅದನ್ನು ಸುಡುತ್ತಾರೆಂದು ನನಗೆ ಆಮೇಲೆ ಗೊತ್ತಾಯಿತು. ಬಂದ ದುಡ್ಡಿನಲ್ಲಿ ಸ್ಟೀಲಿನ ಬಕೆಟ್ ತಂದೆವು. ಅದೂ ಈಗ ಸೋರುತ್ತದೆ.

ನಿಮ್ಮ ಮನೆಯ ಟ್ರಂಕಿನಲ್ಲಿ ಗದ್ವಾಲ ಸೀರೆಯಿದ್ದರೆ ಒಮ್ಮೆ ಹೊರಗೆ ತೆಗೆಯಿರಿ. ಜರಿಯವನಿಗೆ ಕೊಡಬೇಡಿ. ಯಾರು ಉಟ್ಟದ್ದು, ಯಾರ ಮದುವೆಗೆ ತಂದದ್ದು, ಯಾವ ವರ್ಷ, ಎಷ್ಟು ಕೊಟ್ಟಿದ್ದರು ಎಂದು ಒಂದು ಚೀಟಿಯಲ್ಲಿ ಬರೆದು ಸೀರೆಯ ಜೊತೆ ಹಳೆಯ ಪಂಚೆಯಲ್ಲಿ ಸುತ್ತಿಡಿ. ಹೇಳುವವರು ಮನೆಯಲ್ಲಿ ಇರುವಾಗಲೇ ಕೇಳಿ ಬರೆಯಿರಿ.