ಹೆಲ್ತ್ ಇನ್ಶೂರೆನ್ಸ್: ಏಜೆಂಟ್‌ಗೆ ಫೋನ್ ಮಾಡೋ ಮುಂಚೆ ಸೊಸೈಟಿಗೆ ಹೋಗಿ ಬನ್ನಿ

ಟ್ರ್ಯಾಕ್ಟರ್‌ಗೆ ಇನ್ಶೂರೆನ್ಸ್ ಇರುತ್ತೆ, ಓಡಿಸೋನಿಗೆ ಇರಲ್ಲ. ಮನೇಲಿ ಒಬ್ಬರಿಗೆ ಆಪರೇಷನ್ ಅಂದ್ರೆ ಆ ವರ್ಷದ ಬೆಳೆ ದುಡ್ಡು ಅಲ್ಲಿಗೇ ಹೋಯ್ತು.

ಮೊದಲು ರೇಷನ್ ಕಾರ್ಡ್ ನೋಡಿ. ಬಿಪಿಎಲ್ ಆದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಉಚಿತ ಚಿಕಿತ್ಸೆ ಇದೆ. ತುರ್ತು ಸಂದರ್ಭ ಬಿಟ್ಟರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಇದು ಗೊತ್ತಿಲ್ಲದೆ ನೇರ ಖಾಸಗಿಗೆ ಹೋಗಿ ಬಿಲ್ ಕಟ್ಟಿದವರು ಬಹಳ.

ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ ಸಿಗುತ್ತೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. 1 ಲಕ್ಷದ ಆಪರೇಷನ್‌ಗೆ 70 ಸಾವಿರ ನಿಮ್ಮ ಕೈಯಿಂದಲೇ. ನಾಲ್ಕೈದು ಎಕರೆ ಇದ್ದು ಎಪಿಎಲ್ ಆದವರು ಸಿಕ್ಕಿಹಾಕಿಕೊಳ್ಳೋದು ಇಲ್ಲೇ.

ಅಂಥವರಿಗೆ ಯಶಸ್ವಿನಿ ಇದೆ. 2018ರಲ್ಲಿ ನಿಂತಿದ್ದ ಈ ಯೋಜನೆ 2022-23ರಲ್ಲಿ ಮತ್ತೆ ಶುರುವಾಯ್ತು. ಆಗ ಹಳ್ಳಿಯ 4 ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂ., ಹೆಚ್ಚಿನ ಪ್ರತಿಯೊಬ್ಬರಿಗೆ 100 ರೂ. ಇತ್ತು, ಪರಿಶಿಷ್ಟ ಜಾತಿ, ಪಂಗಡದವರ ಪಾಲನ್ನು ಸರ್ಕಾರವೇ ಕಟ್ಟುತ್ತೆ. ಯೋಜನೆಯ ಪಟ್ಟಿಯಲ್ಲಿರೋ ಚಿಕಿತ್ಸೆಗೆ, ನೆಟ್‌ವರ್ಕ್ ಆಸ್ಪತ್ರೆಯಲ್ಲಿ 5 ಲಕ್ಷದವರೆಗೆ ನಗದುರಹಿತ. ಈ ವರ್ಷದ ದರ ಎಷ್ಟು ಅಂತ ಸೊಸೈಟಿಯಲ್ಲೇ ಕೇಳಿ.

ತೊಡಕು ಒಂದೇ. ಸಹಕಾರ ಸಂಘದ ಸದಸ್ಯತ್ವ ಬೇಕು, ನೋಂದಣಿಯೂ ವರ್ಷವಿಡೀ ತೆರೆದಿರಲ್ಲ. ಹಾಲಿನ ಡೇರಿಯಲ್ಲೋ ವಿಎಸ್‌ಎಸ್‌ಎನ್‌ನಲ್ಲೋ ಷೇರು ಅಪ್ಪನ ಹೆಸರಲ್ಲಿದ್ದರೆ, ಮದುವೆಯಾಗಿ ಬೇರೆಯಾದ ನೀವು ಆ ಕುಟುಂಬದಲ್ಲಿ ಬರ್ತೀರಾ ಅಂತ ಕಾರ್ಯದರ್ಶಿ ಹತ್ರ ಕೇಳಿಕೊಳ್ಳಿ. ಬರಲ್ಲ ಅಂದ್ರೆ ಈಗಲೇ ನಿಮ್ಮ ಹೆಸರಿಗೆ ಷೇರು ತಗೊಳ್ಳಿ. ದುಡ್ಡು ಕಟ್ಟಿದ ರಸೀದಿಯ ಫೋಟೋ ಮೊಬೈಲ್‌ನಲ್ಲಿ ಇಟ್ಕೊಳ್ಳಿ.

ಖಾಸಗಿ ಪಾಲಿಸಿ ಇದಾದ ಮೇಲಿನ ಮಾತು. ಅಲ್ಲಿ ಮೊದಲೇ ಇರೋ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ಶುಗರ್, ಬಿಪಿ ಮುಚ್ಚಿಟ್ಟರೆ ಕ್ಲೇಮ್ ಹೊತ್ತಲ್ಲಿ ಕೈ ಎತ್ತಿಬಿಡ್ತಾರೆ.