ಅಂಗಾಲಿನ ಹೊರ ಅಂಚು: ಹೆಜ್ಜೆಗುರುತಿನಿಂದ ಒಂದು ವಿವೇಚನೆ

ಗೋಕುಲಾಷ್ಟಮಿಯ ದಿನ ಹೊಸ್ತಿಲಿನಿಂದ ದೇವರ ಕೋಣೆಯವರೆಗೆ ಬಾಲಕೃಷ್ಣನ ಹೆಜ್ಜೆಗಳನ್ನು ಮೂಡಿಸುವ ಪದ್ಧತಿ ನಾಡಿನ ಅನೇಕ ಮನೆಗಳಲ್ಲಿದೆ. ಮುಷ್ಟಿ ಕಟ್ಟಿದ ಕೈಯ ಕಿರುಬೆರಳಿನ ಬದಿಯನ್ನು ನೀರಿನಲ್ಲಿ ಕದಡಿದ ಅಕ್ಕಿಹಿಟ್ಟಿಗೆ ಅದ್ದಿ ನೆಲಕ್ಕೊತ್ತುತ್ತಾರೆ. ಬಳಿಕ ಬೆರಳ ತುದಿಯಿಂದ ಐದು ಚುಕ್ಕೆ. ಬಲಮುಷ್ಟಿ ಬಲಗಾಲಾಗುತ್ತದೆ, ಎಡಮುಷ್ಟಿ ಎಡಗಾಲು. ಈ ಅಚ್ಚಿನಲ್ಲಿ ಹಿಮ್ಮಡಿಯೂ ಹೊರ ಅಂಚೂ ಒಂದಾಗಿ ಮೂಡಿ, ಒಳಬದಿ ಮಾತ್ರ ಖಾಲಿ ಉಳಿಯುತ್ತದೆ. ಒದ್ದೆಗಾಲಿನಲ್ಲಿ ನಡೆದ ವಯಸ್ಕರ ಗುರುತೂ ಸಾಮಾನ್ಯವಾಗಿ ಹೀಗೆಯೇ. ಆದರೆ ಎಳೆಮಗುವಿನ ಅಂಗಾಲು ಹಾಗಿರುವುದಿಲ್ಲ. ಕೊಬ್ಬಿನ ಮೆತ್ತೆಯಿಂದಾಗಿ ಅದು ಚಪ್ಪಟೆಯಾಗಿ ಕಾಣುತ್ತದೆ. ಕಮಾನು ಸ್ಪಷ್ಟವಾಗುವುದು ಮುಂದಿನ ಬಾಲ್ಯದ ವರ್ಷಗಳಲ್ಲಿ. ಅಂದರೆ ಗೃಹಿಣಿಯರು ಬರೆಯುವ ಪಾದ ಗಾತ್ರದಲ್ಲಿ ಶಿಶುವಿನದು, ಆಕಾರದಲ್ಲಿ ನಡೆದು ಬಲಿತವರದು. ಹೆಜ್ಜೆಯನ್ನು ಕೇವಲ ಸಂಕೇತವೆಂದು ಓದುವವರಿಗೆ ಇದು ಕಾಣದು.

ಹೊರ ಅಂಚು ನೆಲಕ್ಕೆ ತಾಗುವುದು ಅದರ ರಚನೆಯಿಂದ. ಹಿಮ್ಮಡಿ ಮೂಳೆ, ಅದರ ಮುಂದಿನ ಕ್ಯೂಬಾಯ್ಡ್ ಮೂಳೆ, ನಾಲ್ಕು ಮತ್ತು ಐದನೆಯ ಮೆಟಟಾರ್ಸಲ್ ಮೂಳೆಗಳು ಸೇರಿದ ಈ ಸಾಲಿಗೂ ಕಮಾನಿದೆ; ಒಳಬದಿಯ ಕಮಾನಿಗಿಂತ ತಗ್ಗಾದುದರಿಂದ ಅದರಡಿಯ ಮೃದುಭಾಗ ನೆಲ ಮುಟ್ಟುತ್ತದೆ. ನಡಿಗೆಯಲ್ಲಿ ಸಾಮಾನ್ಯವಾಗಿ ಹಿಮ್ಮಡಿಯ ತುಸು ಹೊರಭಾಗ ಮೊದಲು ಊರುತ್ತದೆ. ಭಾರವು ಮುಂದೆ ಸಾಗಿ ಕೊನೆಗೆ ಹೆಬ್ಬೆರಳ ಕಡೆಗೆ ಹೊರಳುತ್ತದೆ. ಇಲ್ಲಿ ಪೆರೋನಿಯಸ್ ಲಾಂಗಸ್ ಎಂಬ ಸ್ನಾಯುವಿನ ಪಾತ್ರ ಕುತೂಹಲಕರವಾದುದು. ಕಾಲಿನ ಹೊರಬದಿಯಿಂದ ಇಳಿಯುವ ಅದರ ಸ್ನಾಯುರಜ್ಜು ಹೊರಹರಡಿನ ಹಿಂದೆ ಬಳಸಿ, ಕ್ಯೂಬಾಯ್ಡ್ ಅಡಿಯ ತೋಡಿನಲ್ಲಿ ಅಡ್ಡ ಹಾಯ್ದು, ಹೆಬ್ಬೆರಳ ಸಾಲಿನ ಮೂಳೆಯ ಬುಡವನ್ನು ಹಿಡಿಯುತ್ತದೆ. ಬಾವಿಯ ರಾಟೆಯ ಮೇಲೆ ಹಗ್ಗವು ದಿಕ್ಕು ಬದಲಿಸುವಂತೆಯೇ ಇದು.

ಈ ಅಂಚಿನ ದೌರ್ಬಲ್ಯವನ್ನು ವೈದ್ಯಶಾಸ್ತ್ರಕ್ಕೆ ತೋರಿಸಿಕೊಟ್ಟಿದ್ದು ಒಂದು ಕುಣಿತ. ಲಿವರ್‌ಪೂಲ್‌ನ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ 1902ರಲ್ಲಿ ಐದನೆಯ ಮೆಟಟಾರ್ಸಲ್ ಬುಡದ ಮುರಿತವನ್ನು ವಿವರಿಸಿದಾಗ ಸ್ವತಃ ತಮ್ಮ ಪಾದವನ್ನೇ ಉದಾಹರಿಸಿದ್ದರು. ನರ್ತಿಸುತ್ತಿದ್ದಾಗ ಹಿಮ್ಮಡಿ ನೆಲ ಬಿಟ್ಟ ಗಳಿಗೆಯಲ್ಲಿ ಅವರ ಭಾರವೆಲ್ಲ ಹೊರ ಅಂಚಿನ ಮೇಲೆ ಬಿದ್ದಿತ್ತು. ಅವರ ಹೆಸರನ್ನೇ ಪಡೆದ ಈ ಮುರಿತದ ಸ್ಥಳದಲ್ಲಿ ರಕ್ತಪೂರೈಕೆ ಕಡಿಮೆ. ಮೂಳೆ ಕೂಡಲು ವಿಳಂಬವಾಗುತ್ತದೆ, ಕೆಲವೊಮ್ಮೆ ಕೂಡುವುದೇ ಇಲ್ಲ. ಬರಿಗಾಲಿನಲ್ಲಿ ಕುಣಿಯುವ ಕಲಾವಿದನಿಗೆ ಇದು ಜೀವನೋಪಾಯದ ಪ್ರಶ್ನೆ. ಕುಣಿತಗಳ ಕ್ಷೇತ್ರಕಾರ್ಯದಲ್ಲಿ ವೇಷ, ವಾದ್ಯ, ಹಾಡುಗಳನ್ನು ಶ್ರದ್ಧೆಯಿಂದ ದಾಖಲಿಸುವ ನಾವು, ಪಾದದ ಯಾವ ಭಾಗ ಮೊದಲು ನೆಲ ಮುಟ್ಟಿತೆಂದು ಬರೆದುಕೊಳ್ಳುವುದು ಅಪರೂಪ.

ಕುಳಿತು ದುಡಿಯುವವರ ಪಾದವೂ ಇದಕ್ಕೆ ಹೊರತಲ್ಲ. ಚಕ್ಕಳಮಕ್ಕಳ ಹಾಕಿ ಕುಳಿತು ಹೊಲಿಯುತ್ತಿದ್ದ ಪಾಶ್ಚಾತ್ಯ ದರ್ಜಿಗಳ ಹೊರ ಅಂಚು ಸದಾ ಹಲಗೆಗೆ ಒತ್ತುತ್ತಿತ್ತು. ಕಿರುಬೆರಳ ಬುಡದಲ್ಲಿ ಏಳುವ ಗಂಟಿಗೆ ಇಂದಿಗೂ ‘ಟೇಲರ್ಸ್ ಬನಿಯನ್’ ಎಂದೇ ಹೆಸರು.