ಕಾಣದ ಕೆಲಸಕ್ಕೊಂದು ದಾಖಲೆ

ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಸಮೀಪದ ಚಿಕ್ಕಬಾಣಾವರದಂತಹ ಊರುಗಳಲ್ಲಿಯೂ ಶಾಲೆಯ ಅಂಕಪಟ್ಟಿ, ಹಾಜರಿ, ದೇಣಿಗೆಯ ಲೆಕ್ಕಗಳು ಇಂದು ಗಣಕಯಂತ್ರವನ್ನು ಸೇರಿವೆ. ಎಲ್ಲರೂ ಮಲಗಿರುವಾಗ ಅವುಗಳ ನಕಲು ತೆಗೆದಿಡುವಂತಹ ಕೆಲಸಗಳನ್ನು ಯೂನಿಕ್ಸ್ ವ್ಯವಸ್ಥೆಯಲ್ಲಿ ಹೊತ್ತಿಗೆ ಸರಿಯಾಗಿ ನಡೆಸುವುದು ‘ಕ್ರಾನ್’ ಎಂಬ ಕ್ರಮವಿಧಿ. ಅಮೆರಿಕದ ಬೆಲ್ ಪ್ರಯೋಗಾಲಯವು 1979ರಲ್ಲಿ ಹೊರತಂದ ಯೂನಿಕ್ಸ್‌ನ ಏಳನೆಯ ಆವೃತ್ತಿಯಲ್ಲಿಯೇ ಇದು ಇದ್ದಿತು.

ಕ್ರಾನ್ ನಡೆಸುವ ಕೆಲಸಕ್ಕೆ ಎದುರಿನಲ್ಲಿ ಪರದೆಯಿಲ್ಲ. ಅದು ನುಡಿದುದೆಲ್ಲವೂ ಸಾಮಾನ್ಯವಾಗಿ ಕೆಲಸ ಒಪ್ಪಿಸಿದವರಿಗೆ ಅಂಚೆಯಾಗಿ ಹೋಗುತ್ತದೆ. ಅಂಚೆಯ ಏರ್ಪಾಡಿಲ್ಲದ ಯಂತ್ರದಲ್ಲಿ ಕಳೆದುಹೋಗಬಹುದು. ಆಗ ಡಿಸ್ಕ್ ತುಂಬಿ ನಕಲು ನಿಂತರೂ ಯಾರಿಗೂ ತಿಳಿಯದು. ಆದುದರಿಂದ ಆಜ್ಞೆಯ ಕೊನೆಯಲ್ಲಿ ‘>>’ ಚಿಹ್ನೆಯನ್ನೂ ಕಡತದ ಹೆಸರನ್ನೂ ಬರೆದು, ಅನಂತರ ‘2>&1’ ಎಂದು ಸೇರಿಸಬೇಕು. ಮೊದಲನೆಯದು ಫಲಿತವನ್ನು ಕಡತದ ತುದಿಗೆ ಸೇರಿಸುತ್ತದೆ; ಎರಡನೆಯದು ದೋಷದ ಸೂಚನೆಗಳನ್ನೂ ಅಲ್ಲಿಗೇ ಹರಿಸುತ್ತದೆ. ಈ ಕ್ರಮವು ಹಿಂದುಮುಂದಾದರೆ ದೋಷಗಳು ಕಡತವನ್ನು ಸೇರವು. ಏಕೆಂದರೆ ‘2>&1’ ಎಂಬುದು, ಆ ಕ್ಷಣದಲ್ಲಿ ಫಲಿತವು ಎಲ್ಲಿಗೆ ಹೋಗುವಂತಿದೆಯೋ ಅಲ್ಲಿಗೆ ಮಾತ್ರ ದೋಷವನ್ನು ಕಳುಹಿಸುತ್ತದೆ.

ಕಡತವಿದ್ದರೆ ಸಾಲದು; ಬೆಳಿಗ್ಗೆ ಅದನ್ನು ಓದುವವರೂ ಇರಬೇಕು. ಹಳೆಯ ವಿದ್ಯಾರ್ಥಿಯೊಬ್ಬನು ಅಂಕಪಟ್ಟಿ ಕೇಳಿ ಬಂದಾಗ ನಕಲಿಲ್ಲವೆಂದು ಅರಿಯುವುದಕ್ಕಿಂತ, ಅದು ತಪ್ಪಿದ ಮರುದಿನವೇ ಅರಿಯುವುದು ಲೇಸು.